ಎಪ್ಪತ್ತಮೂರರ ಸಾಲು

ಫಹ್ಮಿದಾ ಅವರಿಗೆ ಭಾಗಾಕಾರ ಬರುವುದಿಲ್ಲ. ಕೂಡುವುದು, ಕಳೆಯುವುದು ಬರುತ್ತದೆ. ಚಮ್ಕಿ ಹೊಲಿಯುವವರಿಗೆ ಅಷ್ಟು ಸಾಕು ಎಂದೇ ಬಹಳ ಕಾಲ ನಂಬಿದ್ದರು.

ಶಿವಾಜಿನಗರದ ಗಲ್ಲಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೆಳಗಿನ ನಮಾಜು ಮುಗಿಸಿದ ಫಹ್ಮಿದಾ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆಸೂಜಿ ಹಿಡಿದು ಕೂರುತ್ತಾರೆ. ಇಬ್ಬರು ಎದುರುಬದುರು ಕೂತು ಹೊಲಿಯುವ ಚೌಕಟ್ಟು ಅದು. ಎದುರಿನ ಚಾಪೆ ಖಾಲಿ. ಇಪ್ಪತ್ತು ವರ್ಷ ಅಲ್ಲಿ ಜೋಗುಪಾಳ್ಯದ ಅಮೃತಮ್ಮ ಕೂರುತ್ತಿದ್ದರು. ಆಗ ಇಬ್ಬರೂ ಸೇರಿ ದಿನಕ್ಕೊಂದು ಬ್ಲೌಸ್ ಮುಗಿಸುತ್ತಿದ್ದರು. ಈಗ ಒಂದಕ್ಕೆ ಮೂರು ದಿನ.

ಹೋದ ವರ್ಷ ಫ್ರೇಜರ್ ಟೌನಿನ ವ್ಯಾಪಾರಿ ಕಲೀಮುಲ್ಲಾ ತಮ್ಮ ತಾಯಿಯ ಮದುವೆಯ ದುಪಟ್ಟಾ ತಂದರು. ಬಟ್ಟೆ ಸವೆದಿತ್ತು, ಚಮ್ಕಿ ಗಟ್ಟಿಯಾಗಿತ್ತು.

“ಅಮ್ಮೀದು ಆಪಾ, ಒಂದೂ ಬಿಡ್ಬಾರ್ದು. ಮಗಳ ದುಪಟ್ಟಾ ಮೇಲೆ ಸಾಲು ಸಾಲಾಗಿ ಬರ್ಬೇಕು. ಯಾವ ಸಾಲೂ ಅರ್ಧಕ್ಕೆ ನಿಲ್ಬಾರ್ದು.”

ಇಬ್ಬರೂ ಕೂತು ಚಮ್ಕಿ ಬಿಚ್ಚಿದರು. ಹಳೆಯ ಬಟ್ಟೆಯಲ್ಲಿ ಸಾಲಿಗೆ ಎಷ್ಟಿತ್ತು ಎಂದು ಇಬ್ಬರೂ ನೋಡಲಿಲ್ಲ. ಬಿಚ್ಚಿದ್ದನ್ನು ಅಮೃತಮ್ಮ ಎಣಿಸಿದರು: ಹತ್ತು ಸಾವಿರದ ಒಂದು. ಸಾಲಿಗೆ ನೂರರಂತೆ ಜೋಡಿಸಿದರೆ ಒಂದು ಉಳಿಯಿತು. ತೊಂಬತ್ತರಂತೆ ಜೋಡಿಸಿದರೆ ಹನ್ನೊಂದು. ಎಂಬತ್ತಕ್ಕೆ ಮತ್ತೆ ಒಂದು.

“ನಮ್ ಚಮ್ಕಿ ಡಬ್ಬಿದೊಂದು ಸೇರ್ಕೊಂಡಿದೆ ಅಕ್ಕಾ,” ಎಂದರು ಫಹ್ಮಿದಾ. “ ಹತ್ತು ಸಾವಿರಾನೇ ಇರೋದು.”

“ಎರಡು ಸಲ ಎಣಿಸಿದೀನಿ ಕಣೇ. ಎಂಬತ್ತಕ್ಕಿಂತ ಇನ್ನೂ ಕೆಳಗಿಳಿದು ನೋಡೋಣ.”

“ನಿಮಗೆ ಬಸ್ ನಂಬರೇ ಕಾಣಲ್ಲ, ಚಮ್ಕಿ ಕಾಣುತ್ತಾ?”

ಅಮೃತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಚೀಲ ಎತ್ತಿಕೊಂಡು ಹೋದರು.

ಫಹ್ಮಿದಾ ಆ ಒಂದನ್ನು ತಮ್ಮ ಡಬ್ಬಿಗೆ ಹಾಕಿ, ನೂರು ಸಾಲಿಗೆ ನೂರರಂತೆ ಒಬ್ಬರೇ ಹೊಲಿದು ಮುಗಿಸಿದರು. ದುಪಟ್ಟಾ ಒಯ್ಯಲು ಬಂದ ಕಲೀಮುಲ್ಲಾ ಸುಮ್ಮನೆ ಕೇಳಿದರು: “ಹತ್ತು ಸಾವಿರದ ಮೇಲಿನ ಒಂದೂ ಹಾಕಿದ್ರಾ ಆಪಾ? ಅದು ಶಗುನದ್ದು. ಶುಭವಾಗ್ಲಿ ಅಂತ ಅಮ್ಮೀ ತಾಯಿ, ನಮ್ ನಾನಿ, ಹಾಕ್ಸಿದ್ದು.”

ಡಬ್ಬಿಯ ಚಮ್ಕಿ ಅಷ್ಟರಲ್ಲಿ ಯಾರು ಯಾರದೋ ಬ್ಲೌಸಿನ ಮೇಲೆ ಹೊಲಿದು ಹೋಗಿತ್ತು.

ಅವರು ಹೋದ ಮೇಲೆ ಫಹ್ಮಿದಾ ತಮ್ಮಲ್ಲೇ ಉಳಿದಿದ್ದ ಹಳೆಯ ಬಟ್ಟೆಯನ್ನು ಕಿಟಕಿಗೆ ಹಿಡಿದು ಸೂಜಿ ತೂತು ಎಣಿಸಿದರು. ಅಡ್ಡಕ್ಕೆ ಎಪ್ಪತ್ತಮೂರು, ಉದ್ದಕ್ಕೆ ನೂರಮೂವತ್ತೇಳು. ಎರಡನ್ನೂ ಗುಣಿಸಿದರೆ ಹತ್ತು ಸಾವಿರದ ಒಂದು. ಇವೆರಡನ್ನೂ ಇನ್ನೂ ಚಿಕ್ಕ ಸಮಪಾಲು ಮಾಡಲು ಬರುವುದಿಲ್ಲ. ಹಾಗಾಗಿ ಅಷ್ಟು ಚಮ್ಕಿಯನ್ನು ಒಂದೂ ಮಿಗದಂತೆ ಸಾಲುಗಳಲ್ಲಿ ಕೂರಿಸಲು ಇದೊಂದೇ ಅಳತೆ. ಎಂಬತ್ತರಿಂದ ಏಳು ಇಳಿದಿದ್ದರೆ ಸಿಗುತ್ತಿತ್ತು.

ಮರುದಿನವೇ ಜೋಗುಪಾಳ್ಯಕ್ಕೆ ಹೋದರು. ಅಮೃತಮ್ಮ ಮಗಳ ಟಿಫಿನ್ ಅಂಗಡಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ನಿಮ್ ಲೆಕ್ಕಾನೇ ಸರಿ ಇತ್ತು ಅಕ್ಕಾ. ಬನ್ನಿ.”

“ಬೆಳ್ಳುಳ್ಳಿಗೆ ಕಣ್ಣು ಬೇಕಿಲ್ಲ ಕಣೇ,” ಎಂದರು ಅಮೃತಮ್ಮ. ಟೀ ಕೊಟ್ಟರು. ಬರುತ್ತೇನೆ ಅನ್ನಲಿಲ್ಲ.

“ಆ ಚಾಪೆ ಮೇಲೆ ಬೇರೆಯವರನ್ನ ಕೂರಿಸಲ್ಲ,” ಎನ್ನುತ್ತಾರೆ ಫಹ್ಮಿದಾ ಈಗ, ಸೂಜಿಯಿಂದ ಕಣ್ಣೆತ್ತದೆ.

ಕಲೀಮುಲ್ಲಾರ ಮಗಳ ದುಪಟ್ಟಾದಲ್ಲಿ ಹತ್ತು ಸಾವಿರ ಚಮ್ಕಿ ಇವೆ. ಕಳೆದದ್ದು ಒಂದು ಚಮ್ಕಿ, ಮತ್ತು ಅಮೃತಮ್ಮ.