ರಿವರ್ಸ್ ಸಮುವೇಲ ಮಾಮಾ

ಸಮುವೇಲ ಮಾಮಾ ಜೀಪನ್ನು ಮುಂದಕ್ಕೆ ಓಡಿಸಿದ್ದಕ್ಕಿಂತ ಹಿಂದಕ್ಕೆ ಓಡಿಸಿದ್ದೇ ನನಗೆ ಹೆಚ್ಚು ನೆನಪು. ಎಡಗೈ ಸೀಟಿನ ಬೆನ್ನ ಮೇಲೆ, ಬಲಗೈ ಸ್ಟಿಯರಿಂಗ್ ಮೇಲೆ, ಕತ್ತು ಪೂರ್ತಿ ಹಿಂದಕ್ಕೆ, ಬಾಯಲ್ಲೊಂದು ಲವಂಗ. ಗಡಹಿಂಗ್ಲಜದ ಆಚೆ ಹೊಳೆಗೆ ಕಟ್ಟಿದ್ದ ಹಳೆಯ ಸೇತುವೆ ಒಂದೇ ಗಾಡಿಯಷ್ಟು ಅಗಲವಿತ್ತು. ಪಕ್ಕಕ್ಕೆ ಗೋಡೆಯೂ ಇರಲಿಲ್ಲ. ಎರಡೂ ಕಡೆಯಿಂದ ಗಾಡಿ ಬಂದರೆ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ಆ ಯಾರಾದರೊಬ್ಬರು ಯಾವಾಗಲೂ ನಾವೇ.

ಎಪ್ಪತ್ತರ ದಶಕದಲ್ಲಿ ನಾನು ಗೋಕಾಕ ಕಡೆಯಿಂದ ಗಡಿ ದಾಟಿ ಮಹಾರಾಷ್ಟ್ರಕ್ಕೆ, ಅಲ್ಲಿನ ಒಂದು ಸಣ್ಣ ಮಿಷನ್ ಆಸ್ಪತ್ರೆಗೆ ನರ್ಸ್ ಆಗಿ ಹೋಗಿದ್ದೆ. ಮಾಮಾ ಅಲ್ಲಿನ ಜೀಪ್ ಡ್ರೈವರ್. ಔಷಧ ತರಲು ಕೊಲ್ಹಾಪುರಕ್ಕೆ, ಮಗ್ಗದ ಕೆಲಸಗಾರರ ಎದೆ ತಪಾಸಣೆಗೆ ಇಚಲಕರಂಜಿಗೆ, ಎಲ್ಲಿಗೆ ಹೋದರೂ ನಾವಿಬ್ಬರೇ ಜೋಡಿ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾವು ಸೇತುವೆಯ ಮುಕ್ಕಾಲು ದಾಟಿರುತ್ತಿದ್ದೆವು, ಎದುರಿನವನು ಆಗಷ್ಟೇ ಚಕ್ರ ಇಟ್ಟಿರುತ್ತಿದ್ದ. ಆದರೂ ಮಾಮಾ ರಿವರ್ಸ್ ಗೇರ್ ಹಾಕಿಬಿಡುತ್ತಿದ್ದರು. ಕಬ್ಬಿನ ಲಾರಿಯವರು ಅವರಿಗೆ ‘ರಿವರ್ಸ್ ಮಾಮಾ’ ಎಂದೇ ಹೆಸರಿಟ್ಟಿದ್ದರು. ಹಾರ್ನ್ ಹೊಡೆದು ನಗುತ್ತ ಹೋಗುತ್ತಿದ್ದರು. ಮಾಮಾ ಅವರಿಗೆ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನಿಮಗ ಸಿಟ್ಟ ಅನ್ನೂದ ಬರೂದಿಲ್ಲೇನ್ರಿ ಮಾಮಾ?” ಎಂದು ಒಮ್ಮೆ ಕೇಳಿದೆ.

“ಬರೂದಿಲ್ಲಂತ ಯಾರ ಹೇಳಿದ್ರು, ಸಿಸ್ಟರ್? ಕಾಗಲದ ಲಾರಿ ಸ್ಟ್ಯಾಂಡಿನ್ಯಾಗ ಕೇಳ್ರಿ ನನ್ನ ಹೆಸರ. ಭಾಳ ಮಂದೀನ್ನ ಹೊಡದೇನಿ. ಸಿಟ್ಟ ಈಗೂ ಐತಿ. ಗೇರ ನನ್ನ ಕೈಯಾಗ ಐತಿ, ಅಷ್ಟ.”

ಇದು ನಿಜವೇ ಆಗಿತ್ತು. ದೇವರ ದಾರಿಗೆ ಬರುವ ಮೊದಲು ಅವರು ಕಾಗಲದಲ್ಲಿ ಲಾರಿ ಓಡಿಸುತ್ತಿದ್ದ ಜಗಳಗಂಟ. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಉಳಿದಿತ್ತು. ನಮ್ಮ ಚರ್ಚಿನಲ್ಲಿ ಎಲ್ಲವೂ ಮರಾಠಿಯಲ್ಲಿ ನಡೆಯುತ್ತಿತ್ತು. ಪ್ರಾರ್ಥನೆಗೆ ಎದ್ದರೆ ಮಾಮಾ ಮಾತ್ರ ಕನ್ನಡದಲ್ಲಿ, “ಯಪ್ಪಾ, ಇವತ್ತೊಂದ ದಿನ ನನ್ನ ಕೈ ಬಾಯಿ ಹಿಡಿ” ಎಂದಷ್ಟೇ ಹೇಳಿ ಕೂತುಬಿಡುತ್ತಿದ್ದರು. ಸೌಮ್ಯತೆಯ ಬಗ್ಗೆ ಪಾದ್ರಿಗಳು ಎಷ್ಟೋ ಸಲ ಉಪದೇಶ ಮಾಡಿದರು. ನನಗೆ ಅದು ಕೈಲಾಗದವರಿಗೆ ಹೇಳುವ ಸಮಾಧಾನದಂತೆ ಕೇಳಿಸುತ್ತಿತ್ತು.

ಹಾಗೆ ಕೇಳಿಸುವುದು ನಿಂತದ್ದು ಒಂದು ಮಧ್ಯಾಹ್ನ. ಹೆರಿಗೆಗೆ ಬಂದಿದ್ದ ಕಮಲಾ ಎಂಬ ಹುಡುಗಿಗೆ ಮಗು ಅಡ್ಡ ತಿರುಗಿತ್ತು. ನಮ್ಮಲ್ಲಿ ಆಪರೇಷನ್ನಿಗೆ ಅನುಕೂಲವಿರಲಿಲ್ಲ, ಕೊಲ್ಹಾಪುರಕ್ಕೇ ಒಯ್ಯಬೇಕು. ಜೀಪಿನ ಹಿಂದೆ ಹಾಸಿಗೆ ಹಾಸಿ ಅವಳನ್ನು ಮಲಗಿಸಿದೆವು. ಅವಳ ಅತ್ತೆ ತಲೆ ಹಿಡಿದು ಕೂತರು. ಸೇತುವೆಯ ನಡುಮಧ್ಯಕ್ಕೆ ಬಂದಾಗ ಎದುರಿನಿಂದ ಒಂದು ಬಿಳಿ ಅಂಬಾಸಿಡರ್ ನುಗ್ಗಿತು. ಆ ಭಾಗದ ಒಬ್ಬ ದೊಡ್ಡ ಮುಖಂಡರ ಕಾರು. ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯಲೊಲ್ಲ. ಮಾಮಾ ಇನ್ನೇನು ಹಿಂದಕ್ಕೆ ಸರಿಯುತ್ತಾರೆ, ಈ ಹುಡುಗಿಯ ಗತಿ ಏನು ಎಂದು ನಾನು ಕಮಲಾಳ ಮುಖ ನೋಡಿದೆ.

ಮಾಮಾ ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದರು. ಹೆಗಲ ಮೇಲಿನ ಟವಲ್ ತೆಗೆದು ಕೈಯಲ್ಲಿ ಹಿಡಿದು ಕಾರಿನ ಹತ್ತಿರ ಹೋದರು. ನಾನೂ ಇಳಿದೆ.

“ಗಾಡೀ ಮಾಗ ಘೇ! ಆತ ಕೋಣ ಬಸಲೇತ ಮಾಹೀತ ಹಾಯ ಕಾ?” ಎಂದು ಡ್ರೈವರ್ ಗದರಿದ. ಗಾಡಿ ಹಿಂದೆ ತಗೋ, ಒಳಗೆ ಯಾರು ಕೂತಿದ್ದಾರೆ ಗೊತ್ತೇನು ಅಂತ.

ಮಾಮಾ ಹಿಂದಿನ ಸೀಟಿನವರಿಗೆ ಕೈ ಮುಗಿದರು. “ಗೊತ್ತೈತ್ರಿ. ನಮ್ಮ ಗಾಡ್ಯಾಗೂ ಒಬ್ರು ಬರಾಕತ್ತಾರ್ರಿ, ಸಾಹೇಬ್ರ. ಅವರಿಗಿನ್ನಾ ಹೆಸರಿಟ್ಟಿಲ್ರಿ. ಇವತ್ತ ನೀವ ಹಿಂದ ಸರೀಬೇಕ್ರಿ.”

ದನಿ ಏರಲಿಲ್ಲ. ಆದರೆ ಅವರು ಜಾಗದಿಂದ ಅಲ್ಲಾಡಲೂ ಇಲ್ಲ. ಅಷ್ಟರಲ್ಲಿ ಜೀಪಿನಿಂದ ಕಮಲಾ ಚೀರಿದ್ದು ಕೇಳಿಸಿತು. ಒಳಗಿದ್ದ ಮುಖಂಡರು ತಲೆ ಹೊರಹಾಕಿ ನೋಡಿ, “ಘೇ ರೇ ಮಾಗ” ಎಂದರು.

ಡ್ರೈವರ್ ಹಿಂದೆ ತೆಗೆಯಲು ಹೋದ. ಕಾರಿನ ಬಾಲ ಒಮ್ಮೆ ಆ ಅಂಚಿಗೆ, ಒಮ್ಮೆ ಈ ಅಂಚಿಗೆ ಹೊರಳಿತು. ಮುಂದಕ್ಕೆ ನುಗ್ಗಿಯೇ ಅಭ್ಯಾಸವಿದ್ದವನು, ಪಾಪ, ಬೆವತುಹೋದ. ನಾನಾಗಿದ್ದರೆ ನಾಲ್ಕು ಮಾತು ಅಂದು ನೀರಿಳಿಸುತ್ತಿದ್ದೆ. ಮಾಮಾ ಅವನ ಬಾಗಿಲು ತೆಗೆದು, “ಈ ಪೂಲ ಭಾಳ ವಾಂಡ ಐತಪಾ, ಯಾರ ಮಾತೂ ಕೇಳೂದಿಲ್ಲ, ನಿಂದೇನ ತಪ್ಪಿಲ್ಲ. ಅತ್ತಾಗ ಸರಿ, ನಾ ತಗದ ಕೊಡ್ತೇನಿ” ಎಂದು ಕೂತರು. ಎಡಗೈ ಸೀಟಿನ ಮೇಲೆ, ಕತ್ತು ಹಿಂದಕ್ಕೆ. ಮುಖಂಡರನ್ನು ಕೂರಿಸಿಕೊಂಡೇ ಕಾರನ್ನು ನೂಲು ಹಿಡಿದಂತೆ ಸೇತುವೆಯಾಚೆ ಒಯ್ದು ನಿಲ್ಲಿಸಿ, ಧೋತರ ಎತ್ತಿ ಹಿಡಿದು ಓಡೋಡಿ ಬಂದರು.

ಕಮಲಾ ಬದುಕಿದಳು, ಮಗುವೂ ಬದುಕಿತು. ಕೊಲ್ಹಾಪುರದ ಆಸ್ಪತ್ರೆಯ ಮುಂದೆ ಚಹಾ ಕುಡಿಯುವಾಗ ನಾನು ತಡೆಯಲಾರದೆ ಕೇಳಿದೆ. “ದಿನಾ ಎಲ್ಲಾರಿಗೂ ಬಿಟ್ಟ ಕೊಡ್ತೀರಿ. ಇವತ್ತ್ಯಾಕ ಬಿಡಲಿಲ್ರಿ?”

ಮಾಮಾ ಬಟ್ಟಲಿನ ಚಹಾ ಊದಿ ಕುಡಿದರು. “ದಿನಾ ನನ್ನ ಪಾಳಿ ಇರ್ತಿತ್ತು, ಬಿಡ್ತಿದ್ದೆ. ಇವತ್ತ ಆಕಿ ಪಾಳಿ ಇತ್ತು. ಆಕಿ ಪಾಳಿ ಬಿಟ್ಟ ಕೊಡಾಕ ನಾ ಯಾರ್ರಿ?”

ಎಂಬತ್ತರ ದಶಕದ ಕೊನೆಯಲ್ಲಿ ಮಾಮಾ ಕೊಲ್ಹಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣು ಮಾಡಲು ಊರಿಗೆ ತರಬೇಕಿತ್ತು. ಅದೇ ಜೀಪು. ಓಡಿಸುತ್ತಿದ್ದವನು ಬಾಬು, ಮಾಮಾ ಕೈಯಲ್ಲೇ ಡ್ರೈವಿಂಗ್ ಕಲಿತವನು. ಪೆಟ್ಟಿಗೆಯ ಪಕ್ಕ ನಾನು ಕೂತಿದ್ದೆ. ಸೇತುವೆಗೆ ಬಂದಾಗ ಎದುರಿನಿಂದ ಒಂದು ಖಾಲಿ ಕಬ್ಬಿನ ಲಾರಿ ಏರುತ್ತಿತ್ತು. ಬಾಬು ಕಣ್ಣೊರೆಸಿಕೊಂಡು, ರೂಢಿಯಂತೆ, ಗಾಡಿ ಹಿಂದೆ ತೆಗೆದ. ಅದೇ ಹೊತ್ತಿಗೆ ಲಾರಿಯವನು ನಮ್ಮ ಜೀಪಿನ ಗುರುತು ಹಿಡಿದಿರಬೇಕು, ಅವನೂ ಹಿಂದೆ ತೆಗೆದ. ಇಬ್ಬರೂ ಹೊಳೆಯ ಎರಡು ದಂಡೆಗೆ ಹೋಗಿ ನಿಂತರು. ನಡುವೆ ಸೇತುವೆ ಖಾಲಿ. ಲಾರಿಯವನು ದೀಪ ಮಿನುಗಿಸಿ ನೀವು ಬನ್ನಿ ಅಂದ, ಬಾಬು ಕೈ ಮಾಡಿ ನೀವೇ ಬನ್ನಿ ಅಂದ. ಅಳುತ್ತಿದ್ದವಳಿಗೆ ನಗು ಬಂತು. ನೋಡಲು ಮಾಮಾ ಎದ್ದು ಕೂರಬಾರದಿತ್ತೇ ಅನ್ನಿಸಿತು.

“ನಡಿ ಬಾಬು” ಎಂದೆ, “ಇದು ನಿನ್ನ ಪಾಳಿ ಅಲ್ಲ, ಬಿಟ್ಟ ಕೊಡಾಕ. ಮಾಮಾರ ಪಾಳಿ.”

ಬಾಬು ಒಂದನೇ ಗೇರ್ ಹಾಕಿದ.