ಎರಡನೆಯ ಚಮಚ

ಸಿಂಗಪುರದ ನಮ್ಮ ಕನ್ನಡ ಬಳಗದ ಈ ವರ್ಷದ ನಾಟಕಕ್ಕೆ ನಾನು ಪ್ರಾಂಪ್ಟರ್. ರಂಗದ ಪಕ್ಕದಲ್ಲಿ ಕುಳಿತು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುವ ಕೆಲಸ. ಅವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಮನೆಯಲ್ಲಿ ಒಬ್ಬಳೇ ಕೂತಿರಬೇಡವೆಂದು ಅಣ್ಣನೇ ನನ್ನನ್ನು ಸೇರಿಸಿದ. ಅವನದು ಇನ್ಸ್‌ಪೆಕ್ಟರ್ ಪಾತ್ರ.

ನಾಟಕ ಇಂಗ್ಲೆಂಡಿನದು, ಮಹಾಯುದ್ಧ ಮುಗಿದ ಮೇಲಿನ ಕಾಲದ್ದು. ನಮ್ಮ ನಿರ್ದೇಶಕರು ಅದನ್ನು ಕನ್ನಡಕ್ಕೆ ತಂದಿದ್ದರು. ಹಾಸಿಗೆ ಹಿಡಿದ ತಾಯಿ, ಮೂವರು ಮಕ್ಕಳು. ಒಂದು ಬೆಳಿಗ್ಗೆ ತಾಯಿ ಸತ್ತಿರುತ್ತಾಳೆ, ನೋವಿನ ಔಷಧದ ಬಾಟಲಿ ಬರಿದಾಗಿರುತ್ತದೆ. ತಾನೇ ಅಳತೆ ತಪ್ಪಿ ಹೆಚ್ಚು ಕೊಟ್ಟೆನೇನೋ ಎಂದು ಹಿರಿಯ ಮಗ ಎರಡು ಅಂಕದುದ್ದಕ್ಕೂ ಒದ್ದಾಡುತ್ತಾನೆ. ನಿಜವಾಗಿ ಕೊಟ್ಟವಳು ಕಿರಿಯ ಮಗಳು, ತಾಯಿಯ ನೋವು ಮುಗಿಯಲೆಂದು. ಪ್ರಾಂಪ್ಟರ್ ಆಗಲು ಒಪ್ಪಿಕೊಳ್ಳುವಾಗ ನನಗೆ ಈ ಕಥೆ ಗೊತ್ತಿರಲಿಲ್ಲ.

ಅವ್ವ ಬೆಡೋಕ್‌ನ ನಮ್ಮ ಫ್ಲ್ಯಾಟಿನಲ್ಲಿ ಎಂಟು ವರ್ಷ ಇದ್ದಳು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜಿಸುತ್ತಿದ್ದಳು. ಲಿಂಗದ ಮೇಲೆ ಎರೆದ ನೀರೇ ಪಾದೋದಕ. ಅದನ್ನು ಕುಡಿಯದೆ ಆಕೆ ಚಹಾ ಮುಟ್ಟಿದ್ದನ್ನು ನಾನು ಕಂಡಿಲ್ಲ. ಪಾರ್ಶ್ವವಾಯು ಎರಡನೇ ಸಲ ಬಡಿದ ಮೇಲೆ ನುಂಗುವ ಶಕ್ತಿ ಹೋಯಿತು; ಊಟ, ನೀರು ಎಲ್ಲವೂ ಮೂಗಿನ ನಳಿಕೆಯಲ್ಲಿ. ಮನೆಗೆ ಬರುತ್ತಿದ್ದ ನರ್ಸ್, ಬಾಯಿಗೆ ಹನಿ ನೀರೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ, ತುಟಿ ಒಣಗಿದರೆ ಒದ್ದೆ ಸ್ಪಂಜಿನಿಂದ ಒರೆಸಿ ಸಾಕು ಎಂದರು. ಅಣ್ಣ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದ. ಜುರಾಂಗ್ ಐಲ್ಯಾಂಡ್‌ನ ರಾಸಾಯನಿಕ ಕಾರ್ಖಾನೆಯಲ್ಲಿ ಸುರಕ್ಷತೆಯ ಕೆಲಸ ಮಾಡುವವನು. ಎಲ್ಲವನ್ನೂ ಬರೆದು ಅಂಟಿಸುವುದು ಅವನ ರೂಢಿ.

ಹಾಗೆ ಪಾದೋದಕವಿಲ್ಲದ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮನೆಯಲ್ಲಿ ಅವ್ವ, ನಾನು ಇಬ್ಬರೇ ಇದ್ದೆವು. ಅವ್ವ ನನ್ನನ್ನು ನೋಡಿ, ಎಡ ಅಂಗೈಯನ್ನು ಮೇಲ್ಮುಖ ಮಾಡಿ ಹಾಸಿಗೆಯ ಮೇಲಿಟ್ಟಳು. ನಾನು ಕೈಕಾಲು ತೊಳೆದು ಬಂದು, ಲಿಂಗವನ್ನು ಆ ಅಂಗೈ ಮೇಲಿಟ್ಟು, ಕೆಳಗೆ ನನ್ನ ಕೈ ಕೊಟ್ಟು ನೀರೆರೆದೆ. ಬಟ್ಟಲಿಗೆ ಬಿದ್ದದ್ದನ್ನು ಚಮಚದಲ್ಲಿ ತೆಗೆದುಕೊಂಡೆ. ಮೊದಲನೆಯ ಚಮಚ ಗಂಟಲಿನಲ್ಲಿ ಇಳಿಯಿತು. ಅವ್ವ ಮತ್ತೆ ಬಾಯಿ ತೆರೆದಳು. ಎರಡನೆಯದಕ್ಕೆ ಕೆಮ್ಮಿದಳು, ಬಹಳ ಹೊತ್ತು ಕೆಮ್ಮಿದಳು.

ಸಂಜೆ ಅಣ್ಣ ಬಂದ. ಬೆನ್ನು ಹುಣ್ಣಾಗದಿರಲೆಂದು ಅವ್ವನನ್ನು ಎಡ ಮಗ್ಗುಲಿಗೆ ಹೊರಳಿಸಿದ. ಸ್ವಲ್ಪ ಹೊತ್ತಿಗೆ ಉಸಿರಿನಲ್ಲಿ ಗೊರಗೊರ ಸದ್ದು ಶುರುವಾಯಿತು. ನರ್ಸ್ ಬಂದು, ಬಾಯಿಗೆ ಏನಾದರೂ ಕೊಟ್ಟಿರಾ ಎಂದು ಕೇಳಿದರು. ಅಣ್ಣನ ಎದುರಿಗೇ ಇಲ್ಲ ಎಂದೆ. ಮರುದಿನ ಮಧ್ಯಾಹ್ನ ಅವ್ವ ಹೋದಳು.

ಆಮೇಲೆ ಅಣ್ಣ ನನ್ನ ಮುಂದೆ ಮೂರು ಸಲವಾದರೂ ಅಂದಿದ್ದಾನೆ: "ನಾ ಹೊರಳಿಸಬಾರದಿತ್ತು, ತಂಗಿ." ಪ್ರತಿ ಸಲ ನಾನು, ಹಾಗೇನಿಲ್ಲ ಬಿಡು ಎಂದಿದ್ದೇನೆ. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ರಿಹರ್ಸಲ್ ಶನಿವಾರ ಮಧ್ಯಾಹ್ನ, ಒನ್-ನಾರ್ತ್ ಹತ್ತಿರ ನಿರ್ದೇಶಕರ ಕಾಂಡೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ. ಅವರು ಬೆಂಗಳೂರಿನವರು, ನಗಿಸುತ್ತಲೇ ಕೆಲಸ ತೆಗೆಯುವವರು.

"ಸಾರ್, ಇನ್ಸ್‌ಪೆಕ್ಟರ್ ಲಂಡನ್ನಿಂದ ಬಂದಿರೋದು. ನೀವು ಹುಬ್ಬಳ್ಳಿ ಬಸ್‌ಸ್ಟ್ಯಾಂಡಲ್ಲಿ ಇಳಿದಿರೋ ಹಾಗಿದೆ."

"ಲಂಡನ್ನಿನ್ಯಾಗೂ ಹುಬ್ಬಳ್ಳಿಯವರು ಅದಾರ ಬಿಡ್ರಿ," ಎಂದ ಅಣ್ಣ.

ಒಂದು ಶನಿವಾರ ಕೊನೆಯ ಅಂಕ ಮುಗಿದು ಚಹಾ ಕುಡಿಯುವಾಗ, ಕಿರಿಯ ಮಗಳ ಪಾತ್ರದ ಹುಡುಗಿ ಕೇಳಿದಳು: "ಅಂಕಲ್, ಪಾಪ, ಅಮ್ಮನ ನೋವು ನೋಡಕ್ಕಾಗ್ದೆ ಕೊಟ್ಟಿದಾಳೆ. ಇದನ್ನ ಮರ್ಡರ್ ಅಂತ ಹೇಗೆ ಅನ್ನೋದು?"

"ಕೊಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲಮ್ಮಾ," ಎಂದ ಅಣ್ಣ. "ಆದ್ರ ಅಣ್ಣ ತನ್ನಿಂದನೇ ಆತು ಅಂತ ಸಾಯ್ಲಿಕ್ಕತ್ತಾನ, ಈಕಿ ಎದುರಿಗೆ ಕುಂತು ನೋಡ್ತಾಳ. ಅದು ನಂಗ ಸೇರೂದಿಲ್ಲ."

"ಅಯ್ಯೋ, ಅವಳು ಬೇಗ ಹೇಳ್ಬಿಟ್ರೆ ಆಡಿಯನ್ಸ್ ಇಂಟರ್ವಲ್‌ನಲ್ಲೇ ಮನೆಗೆ ಹೋಗ್ತಾರೆ," ಎಂದರು ನಿರ್ದೇಶಕರು. ಎಲ್ಲರೂ ನಕ್ಕರು. ನಾನು ಹಸ್ತಪ್ರತಿಯ ಹಾಳೆಗಳನ್ನು ಜೋಡಿಸಿಕೊಂಡೆ.

ಬೋನಾ ವಿಸ್ಟಾ ಮೆಟ್ರೋ ಸ್ಟೇಷನ್ನಿನಲ್ಲಿ ನಾವು ಬೇರೆಯಾಗಬೇಕು. ಒಂದೇ ಪ್ಲ್ಯಾಟ್‌ಫಾರ್ಮ್, ಅವನ ಮನೆಯ ಕಡೆಯ ಗಾಡಿ ಒಂದು ಬದಿಗೆ ಪಶ್ಚಿಮಕ್ಕೆ, ನನ್ನದು ಇನ್ನೊಂದು ಬದಿಗೆ ಪೂರ್ವಕ್ಕೆ. ಅವನ ಗಾಡಿ ಬಂತು.

"ಅಣ್ಣಾ, ಇದನ್ನ ಬಿಡು. ಸ್ವಲ್ಪ ಮಾತಾಡೂದೈತಿ," ಎಂದೆ.

ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಂಗೈ, ಬಟ್ಟಲು, ಎರಡು ಚಮಚ, ಕೆಮ್ಮು, ನರ್ಸಿಗೆ ಹೇಳಿದ ಸುಳ್ಳು. ನಾಟಕದ ಹುಡುಗಿಯ ಹಾಗೆ ಅವ್ವನ ನೋವು ಮುಗಿಸಲು ನಾನು ಕೊಟ್ಟದ್ದಲ್ಲ ಎಂದೆ. ಆದರೆ ಏನಾಗಬಹುದೆಂದು ಗೊತ್ತಿತ್ತು, ಗೊತ್ತಿದ್ದೇ ಕೊಟ್ಟೆ ಎಂದೂ ಹೇಳಿದೆ.

ಅಣ್ಣ ಹಳಿಗಳ ಕಡೆ ತಿರುಗಿದ. "ಮೂರು ತಿಂಗಳು," ಎಂದ. "ಮೂರು ತಿಂಗಳು ನಾ ಆ ಮಗ್ಗಲಾ, ಈ ಮಗ್ಗಲಾ ಅಂತ ವಿಚಾರ ಮಾಡೇನಿ. ಒಂದು ಫೋನ್ ಮಾಡಿದ್ರ ಆಗ್ತಿರಲಿಲ್ಲೇನು?"

"ಕೊಡೂಕಿಂತ ಮೊದಲು ಮಾಡಿದ್ರ ಬ್ಯಾಡ ಅಂತಿದ್ದಿ."

"ಹೌದು. ಅಂತಿದ್ದೆ."

"ಆಮ್ಯಾಲೆ ಅಂಜಿಕಿ ಬಂತು."

ಪೂರ್ವಕ್ಕೆ ಹೋಗುವ ಗಾಡಿ ಬಂದು ಹೋಯಿತು. ಅವನ ಸಿಟ್ಟು ಇಳಿದಿತ್ತೆಂದು ನಾನು ಹೇಳಲಾರೆ. ಹೊರಳಿಸಿದ್ದರಿಂದ ಆಯಿತೋ, ನೀರಿನಿಂದ ಆಯಿತೋ, ಬರುವ ಹೊತ್ತು ಬಂದಿತ್ತೋ, ನಮ್ಮಿಬ್ಬರಿಗೂ ತಿಳಿಯದು. ಅವನು ಎದ್ದು ನಿಂತು, ಚೀಲ ಹೆಗಲಿಗೇರಿಸಿ, ನನ್ನ ಕಡೆ ತಿರುಗಿದ.

"ಪಾದೋದಕ, ಮೊದಲನೇ ಚಮಚ ನುಂಗಿದ್ಳಾ?"

"ನುಂಗಿದ್ಳು."

"ನೆಟ್ಟಗ ನುಂಗಿದ್ಳಾ? ನೀ ನೋಡಿದ್ಯಾ?"

"ಗಂಟಲಿನ ಮ್ಯಾಲೆ ಕೈ ಇಟ್ಟಿದ್ದೆ ಅಣ್ಣಾ. ಇಳೀತು."

ಅವನು ತಲೆಯಾಡಿಸಿದ. ಅವನ ಗಾಡಿ ಬಂದು ಬಾಗಿಲು ತೆರೆಯಿತು. ಅವನು ಹತ್ತಲಿಲ್ಲ.