ಗೌತಮನ ಕಲ್ಲಿಗೊಂದು ಸಾಲು

ಮೊನ್ನೆ ಹಳ್ಳಿಖೇಡದ ಟ್ರ್ಯಾಕ್ಟರ್ ಮಾಲೀಕನೊಬ್ಬ ನನ್ನ ಅಂಗಡಿಗೆ ಬಂದು, ತನ್ನ ಕಬ್ಬಿನ ಟ್ರಾಲಿಯ ಹಿಂದೆ ಮಗಳ ಹೆಸರನ್ನು ಕೈಯಿಂದಲೇ ಬರೆದುಕೊಡಬೇಕೆಂದು ಹಟ ಹಿಡಿದ. ಸ್ಟಿಕ್ಕರ್ ಅಂಟಿಸಿಕೊಡುತ್ತೇನೆ ಮಾರಾಯ ಅಂದೆ. "ಅದು ಕಾರ್ಖಾನಿ ಗೇಟ್ ಮುಟ್ಟೂದ್ರಾಗ ಕಿತ್ತು ಹೋಗ್ತದ್ರಿ, ಪೇಂಟೇ ಹೊಡೀರಿ" ಅಂದ. ಬಸವಕಲ್ಯಾಣದ ಈ ಅಂಗಡಿಯಲ್ಲಿ ಫ್ಲೆಕ್ಸ್ ಯಂತ್ರ ತಂದು ಕೂರಿಸಿದ ಮೇಲೆ ನಾನು ಕುಂಚ ಮುಟ್ಟಿದ್ದು ಬಲು ಕಡಿಮೆ. ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸಿ, ಟರ್ಪೆಂಟೈನ್ ಬಾಟಲಿಯ ಮುಚ್ಚಳ ತಿರುವಿದ್ದೇ ತಡ, ಗೌತಮ ನೆನಪಾದ. ನಗಬೇಡಿ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಯಾರೋ ನೆನಪಾಗುತ್ತಾರಂತೆ. ನನ್ನ ಹಣೆಬರಹಕ್ಕೆ ಟರ್ಪೆಂಟೈನ್.

ಗೌತಮ ಕೊಹಿನೂರದವನು. ನಾನು ಇಪ್ಪತ್ತು ದಾಟಿ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದಾಗ ಅವನು ಹುಮನಾಬಾದಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕಂಪೌಂಡರ್ ಆಗಿದ್ದ. ಸಂಜೆ ಹುಮನಾಬಾದ್ ಬಸ್ಸಿನಿಂದ ಇಳಿದವನು ಊರಿನ ಬಸ್ಸು ಬರುವ ತನಕ ನನ್ನ ಅಂಗಡಿಯಲ್ಲೇ ಠಿಕಾಣಿ. "ಆಹಾ! ಈ ವಾಸನಿ ಮುಂದ ನಮ್ ಡಾಕ್ಟರ್ ಸಾಹೇಬ್ರ ಸ್ಪಿರಿಟ್ ಏನೂ ಅಲ್ಲ ಬಿಡು" ಎನ್ನುತ್ತಾ ಸ್ಟೂಲು ಎಳೆದುಕೊಂಡು ಕೂತನೆಂದರೆ ಮುಗಿಯಿತು. ಮಾತು, ಮಾತು, ಮಾತು. ಅವನಿಗೆ ವಿಷಯ ಬೇಕಿರಲಿಲ್ಲ, ಎದುರಿಗೊಂದು ಜೀವ ಇದ್ದರೆ ಸಾಕಿತ್ತು. ಒಮ್ಮೆ ಅವನ ಮಾತಿಗೆ ನಕ್ಕು ನನ್ನ ಕೈ ಅಲುಗಿ, ಕಿರಾಣಿ ಅಂಗಡಿಯ ಬೋರ್ಡಿನಲ್ಲಿ ಲಕ್ಷ್ಮಿಯ ಮೂಗು ಸೊಟ್ಟಗಾಯಿತು. ಆ ಸಾಹುಕಾರರು ಇಂದಿಗೂ ಅದಕ್ಕೇ ಊದಿನಕಡ್ಡಿ ಬೆಳಗುತ್ತಿದ್ದಾರೆ, ವ್ಯಾಪಾರವೂ ಚೆನ್ನಾಗಿಯೇ ಇದೆ.

ಆದರೆ ಆ ಬಾಯಿಯೇ ಅವನ ವಿದ್ಯೆಯೂ ಆಗಿತ್ತು. ಸೂಜಿ ಕಂಡು ಚೀರುವ ಮಕ್ಕಳನ್ನು ಹಿಡಿದು, "ನಿಮ್ಮನಿ ಎಮ್ಮಿ ಹೆಸರೇನು? ಹಾಯ್ತದೇನು? ಯಾರಿಗೆ ಹಾಯ್ದಿತ್ತು?" ಎಂದು ಕೇಳುತ್ತಿದ್ದ. ಎಮ್ಮೆ ಹಾಯುವಷ್ಟರಲ್ಲಿ ಸೂಜಿ ಮುಗಿದಿರುತ್ತಿತ್ತು. ಹಳ್ಳಿಖೇಡದ ರಸ್ತೆಯಲ್ಲಿ ಒಮ್ಮೆ ಕಬ್ಬಿನ ಟ್ರಾಲಿ ಮಗುಚಿ ಡ್ರೈವರ್ ಕೆಳಗೆ ಸಿಕ್ಕಿಬಿದ್ದ. ಪೊಲೀಸು, ಸಾಕ್ಷಿ, ಕೋರ್ಟು ಎಂದು ಹೆದರಿ ಜನ ದೂರ ನಿಂತಿದ್ದರಂತೆ. ಬಸ್ಸಿನಿಂದ ಇಳಿದ ಗೌತಮ ಕಬ್ಬಿನ ಜಲ್ಲೆಗಳ ನಡುವೆ ತೂರಿ, ಆ ಡ್ರೈವರನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು, ಟ್ರಾಲಿ ಎತ್ತುವ ತನಕ ಒಂದೇ ಸಮನೆ ಮಾತಾಡಿಸಿದ. ಕಾಲು ಕಟ್ಟಿಸಿಕೊಂಡು ಮಲಗಿದ್ದ ಆ ಡ್ರೈವರ್ ಆಮೇಲೆ ನನಗೇ ಹೇಳಿದ: "ನೋವಿಗಿಂತ ಇವನ ಬಾಯೇ ಜಾಸ್ತಿ ಇತ್ತು ನೋಡ್ರಿ. ಸಾಯಾಕೂ ಫುರಸತ್ತು ಕೊಡಲಿಲ್ಲ."

ಅವನನ್ನು ಸಾಕಿದವಳು ಅಕ್ಕ ಕಮಲಾಬಾಯಿ. ತಾಯಿ ಹೋದಾಗ ಇವನಿನ್ನೂ ಅಂಗನವಾಡಿಗೆ ಹೋಗುವ ವಯಸ್ಸಿನವನು. ಕಮಲಕ್ಕ ಕೂಲಿ ಮಾಡಿ, ಇದ್ದ ತುಂಡು ಹೊಲದಲ್ಲಿ ತೊಗರಿ ಬಿತ್ತಿ ಅವನನ್ನು ಬೆಳೆಸಿದಳು, ಆಮೇಲೆ ಕಂಪೌಂಡರ್ ಕೆಲಸ ಬಿಡಿಸಿ ನರ್ಸಿಂಗ್ ಓದಿಸಿದಳು. ಓದು ಮುಗಿಸಿದವನು ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಸಿಕ್ಕಿದೆ ಅಂದಾಗ ಅವಳು ಕೇಳಿದ್ದು ಒಂದೇ ಮಾತು: "ಯಾಕ, ನಮ್ ಕಡೆ ಮುದುಕರು ಕಡಿಮಿ ಬಿದ್ದಾರೇನು?" ಅಲ್ಲಿ ಕೆಲವು ವರ್ಷ ಕಳೆದ ಮೇಲೆ ಅವನು ಆ ದೇಶದ ಸೈನ್ಯಕ್ಕೆ ಸೇರಿದ, ಗಾಯಗೊಂಡವರಿಗೆ ಚಿಕಿತ್ಸೆ ಮಾಡುವ ವಿಭಾಗಕ್ಕೆ. ಬಂದೂಕು ಹಿಡಿದ ಫೋಟೋ ಕಳಿಸು ಎಂದು ನಾನು ಬರೆದರೆ, ಬೆನ್ನಿಗೆ ಔಷಧದ ಚೀಲ ಕಟ್ಟಿಕೊಂಡ ಫೋಟೋ ಕಳಿಸಿದ್ದ.

ಅಫ್ಘಾನಿಸ್ತಾನದಲ್ಲಿ ಅವನು ತೀರಿಕೊಂಡ. ಗಾಯವಾದ ಒಬ್ಬನನ್ನು ಹೊತ್ತು ತಂದು ಇಳಿಸಿ, ಇನ್ನೊಬ್ಬನಿಗಾಗಿ ವಾಪಸು ಹೋದಾಗ. ಅವನ ತುಕಡಿಯಲ್ಲಿದ್ದ ಪಂಜಾಬಿ ಗೆಳೆಯ ಕಮಲಕ್ಕನಿಗೆ ಹಿಂದಿಯಲ್ಲೇ ಫೋನು ಮಾಡಿ ಹೇಳಿದನಂತೆ. ಸುದ್ದಿ ಕೇಳಿ ನಾನು ಶಟರ್ ಎಳೆದುಕೊಂಡು ಒಳಗೆ ಕೂತು ಅತ್ತೆ. ಮುಂದಿನದು ಕಮಲಕ್ಕನಿಗೆ ಇನ್ನೂ ಕಷ್ಟದ ಮಾತು. ಯುದ್ಧಕ್ಕೆ ಹೊರಡುವ ಮೊದಲು ತುಂಬಿದ ಕಾಗದದಲ್ಲಿ ಗೌತಮ, ತನಗೇನಾದರೂ ಆದರೆ ಇಂಗ್ಲೆಂಡಿನಲ್ಲಿಯೇ, ಜೊತೆಯವರ ಹತ್ತಿರವೇ ಮಣ್ಣು ಮಾಡಿ, ಅಕ್ಕನಿಗೆ ಓಡಾಟ ಬೇಡ ಎಂದು ಬರೆದಿದ್ದ. ಅಕ್ಕನ ಓಡಾಟ ತಪ್ಪಿಸಲು ಹೋಗಿ ಅವನು ತನ್ನ ಮುಖವನ್ನೇ ಅವಳಿಗೆ ತಪ್ಪಿಸಿಬಿಟ್ಟ.

ಕೆಲವು ತಿಂಗಳಾದ ಮೇಲೆ ಕಮಲಕ್ಕ ಒಂದು ಲಕೋಟೆ ಹಿಡಿದು ನನ್ನ ಅಂಗಡಿಗೆ ಬಂದಳು. ಸಮಾಧಿಗೆ ಕಲ್ಲು ನೆಡುತ್ತೇವೆ, ಹೆಸರಿನ ಕೆಳಗೆ ಮನೆಯವರ ಮಾತೊಂದನ್ನು ಕೆತ್ತಿಸುತ್ತೇವೆ, ನಿಮ್ಮ ಭಾಷೆಯಲ್ಲೇ ಇದ್ದರೂ ನಡೆಯುತ್ತದೆ ಎಂದು ಅಲ್ಲಿಯ ಸೈನ್ಯದವರು ಬರೆದಿದ್ದರು. ಓದಿ ಹೇಳಿದ ನಾನು ಎದೆಯುಬ್ಬಿಸಿ, "ನೀವು ಚಿಂತಿ ಬಿಡ್ರಿ ಅಕ್ಕಾ, ಇದು ನಮ್ಮ ಕೆಲಸ" ಅಂದೆ. ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಏನೋ ಹೇಳುವವಳಿದ್ದಳು. ನಾನಾಗಲೇ ಕಾಗದ ಪೆನ್ನು ಹುಡುಕುತ್ತಿದ್ದೆ.

ನಮ್ಮ ಕಡೆಯ ಶ್ರದ್ಧಾಂಜಲಿ ಫ್ಲೆಕ್ಸುಗಳನ್ನು ನೀವು ನೋಡಿರಬೇಕು. ತೀರಿಕೊಂಡವರ ಪಟ ಒಂದು, ಅಳುವವರ ಪಟ ಮೂವತ್ತು, ಅದರಲ್ಲಿ ಅರ್ಧ ಜನ ತಂಪು ಕನ್ನಡಕ ಹಾಕಿರುತ್ತಾರೆ. ಆ ಫ್ಲೆಕ್ಸುಗಳಿಂದಲೇ ನನ್ನ ಮನೆ ನಡೆದದ್ದು, ಬೈಯುವ ಹಕ್ಕು ನನಗಿಲ್ಲ. ಅದೇ ರೂಢಿಯಲ್ಲಿ ಸಭೆ ಸೇರಿಸಿದೆ. ನಿವೃತ್ತರಾದ ವೈಜನಾಥ ಮಾಸ್ತರರು ಕಣ್ಣು ಮುಚ್ಚಿ, "ಕಲ್ಯಾಣದ ಕಲಿ, ಕರುಣೆಯ ಕಡಲು, ವೀರಯೋಧ ಗೌತಮ" ಎಂದು ಶುರು ಮಾಡಿದರು. ಪಕ್ಕದ ಚಹಾ ಅಂಗಡಿಯ ಹನೀಫ್ ಭಾಯಿ, "ಕೆಳಗ ದೋಸ್ತರ ಹೆಸರಿಲ್ಲದ ಅದೆಂಥ ಶ್ರದ್ಧಾಂಜಲಿ ರೀ?" ಅಂದರು. ಅದೂ ಸರಿಯೇ. ಹೆಸರು ಬರೆಯತೊಡಗಿದೆವು. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಗೆ ಸಿಟ್ಟು. ಗೌತಮನ ಮುಖವನ್ನೇ ನೋಡದ ಒಬ್ಬ ಗುತ್ತಿಗೆದಾರರ ಹೆಸರೂ ಸೇರಿ ಎರಡು ಹಾಳೆ ತುಂಬಿತು. ಕಳಿಸಿದೆವು.

ಅಲ್ಲಿಂದ ಬಲು ಮರ್ಯಾದೆಯ ಉತ್ತರ ಬಂತು. ಕಲ್ಲು ಚಿಕ್ಕದು, ಒಂದೆರಡು ಸಾಲು ಮಾತ್ರ ಹಿಡಿಯುತ್ತದೆ, ಅದಕ್ಕೆ ಅಕ್ಕನವರ ಸಹಿಯೂ ಬೇಕು ಎಂದು. "ಹಂಗಾದ್ರ ದೊಡ್ಡ ಕಲ್ಲು ತರಿಸ್ರಿ ಅಂತ ಬರೀರಿ" ಅಂದರು ಹನೀಫ್ ಭಾಯಿ. ಕೊನೆಗೆ ಹೆಸರುಗಳನ್ನೆಲ್ಲ ಕೈಬಿಟ್ಟು, ಮನಸ್ತಾಪ ಕಟ್ಟಿಕೊಂಡು, ಮಾಸ್ತರರ ಮೊದಲ ಸಾಲನ್ನು ಮಾತ್ರ ಉಳಿಸಿ ಸಹಿಗೆಂದು ನಾನು ಕೊಹಿನೂರಕ್ಕೆ ಹೋದೆ.

ಕಮಲಕ್ಕ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಿಂತುಕೊಂಡೇ, ಭಾಷಣದ ಧಾಟಿಯಲ್ಲಿ ಓದಿದೆ. ಅವಳು ಮೊರ ಕೆಳಗಿಟ್ಟು, "ಯಾರಿಂವ?" ಅಂದಳು.

"ಗೌತಮಾನೇ ಅಕ್ಕಾ."

"ನಮ್ ಗೌತಮ ಎಂದ ಕಲಿ ಆದ? ಹಲ್ಲಿ ಬಿದ್ರ ಊರೇ ಕೇಳೂಹಂಗ ಒದರ್ತಿದ್ದ."

ನನಗೆ ನಗು ಬಂತು. ಅವಳು ನಗಲಿಲ್ಲ. "ಪೇಂಟರಾ, ಅಂವ ಅಲ್ಲೇ ಇರ್ತೀನಂತ ಬರದು ಹೋದ. ಮಾರಿ ನೋಡಾಕ ಸಿಗಲಿಲ್ಲ, ಹಿಡಿ ಮಣ್ಣ ಹಾಕಾಕ ಸಿಗಲಿಲ್ಲ. ಒಂದು ಮಾತು ಹೇಳವ್ವಾ ಅಂತ ಆ ಮಂದಿ ನನಗ ಕೇಳಿದ್ರು. ಅದೊಂದ ನನ್ನ ಪಾಲಿಗಿತ್ತು. ಅದನ್ನೂ ನೀವೆಲ್ಲ ಸೇರಿ ತಗೊಂಡ್ರಿ."

ನನ್ನ ಕೈಯಲ್ಲಿದ್ದ ಕಾಗದವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಷ್ಟು ಜನ ಸೇರಿ ಅಷ್ಟು ದಿನ ಗುದ್ದಾಡಿದೆವು, ಅವಳನ್ನೊಂದು ಮಾತು ಕೇಳಬೇಕೆಂದು ಒಬ್ಬನಿಗೂ ಹೊಳೆದಿರಲಿಲ್ಲ. ತಪ್ಪಾಯಿತಕ್ಕಾ ಅಂದೆ. ಅವಳು ಮತ್ತೆ ಮೊರ ಎತ್ತಿಕೊಂಡು, ಸ್ವಲ್ಪ ಹೊತ್ತು ಕೇರಿ, ಕೇಳಿದಳು: "ಅಲ್ಲಿ ಮಂದಿ ಬರ್ತಾರೇನು?"

"ಬರ್ತಾರಕ್ಕಾ. ತಮ್ಮ ತಮ್ಮವರ ಸಮಾಧಿ ನೋಡಾಕ."

"ಹಂಗಾದ್ರ ಬರಿ. ಜರಾ ಮಾತಾಡಿಸಿ ಹೋಗ್ರಿ. ಇಂವ ಒಬ್ಬಾಂವ ಇರಂಗಿಲ್ಲ."

ಅಷ್ಟೇ. ಸಹಿ ಹಾಕಿದಳು. ಇದು ಗ್ರಂಥದ ಕನ್ನಡವಲ್ಲ, ಸ್ವಲ್ಪ ತಿದ್ದೋಣ ಎಂದ ಮಾಸ್ತರರಿಗೆ ನಾನು ಆ ದಿನ ಜೀವಮಾನದಲ್ಲಿ ಮೊದಲ ಬಾರಿ ದನಿ ಏರಿಸಿದೆ. ಪಾಪ, ಅವರು ತೆಪ್ಪಗೆ ಅದನ್ನು ಇಂಗ್ಲಿಷಿಗೂ ಮಾಡಿಕೊಟ್ಟರು. ಅಲ್ಲಿಯ ಕಲ್ಲುಕುಟಿಗರಿಗೆ ನೋಡಿ ಕೆತ್ತಲು ಅಕ್ಷರದ ಮಾದರಿ ಬೇಕಿತ್ತು. ಕಂಪ್ಯೂಟರಿನ ಅಕ್ಷರ ಕೊಡಲು ಮನಸ್ಸಾಗಲಿಲ್ಲ. ಕುಂಚದಿಂದಲೇ ಬರೆದೆ, ಹರಿದೆ, ಮತ್ತೆ ಬರೆದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಅಕ್ಷರ ಅದಕ್ಕಿಂತ ಮೊದಲೂ ಬಿದ್ದಿರಲಿಲ್ಲ, ಆಮೇಲೂ ಬಿದ್ದಿಲ್ಲ.

ಇದಾಗಿ ಬಹಳ ವರ್ಷಗಳಾದವು. ಕೆಲವು ತಿಂಗಳ ಹಿಂದೆ ಆ ಪಂಜಾಬಿ ಗೆಳೆಯ ಎಲ್ಲಿಂದಲೋ ನನ್ನ ನಂಬರು ಹುಡುಕಿ ಒಂದು ಫೋಟೋ ಕಳಿಸಿದ. ಹಸಿರು ಹುಲ್ಲು, ಬಿಳಿ ಕಲ್ಲು, ಕಲ್ಲಿನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಬಿಳಿಯ ಮುದುಕಿ. ಗಂಡನ ಸಮಾಧಿಗೆ ಬರುವವಳಂತೆ. ಒಮ್ಮೆ ಈ ಸಾಲಿನ ಕೆಳಗೆ ಕೆತ್ತಿದ ಇಂಗ್ಲಿಷ್ ಓದಿದ ಮೇಲೆ ಬಂದಾಗಲೆಲ್ಲ ಗೌತಮನ ಹತ್ತಿರವೂ ಕೂತು ಮಾತಾಡಿ ಹೋಗುತ್ತಾಳಂತೆ. ಈ ಫೋಟೋವನ್ನು ಕಮಲಕ್ಕನಿಗೆ ತೋರಿಸದೆ ನಾನು ತಿಂಗಳುಗಟ್ಟಲೆ ದಿನ ದೂಡಿದ್ದೆ. ಯಾಕೆಂದು ನನಗೆ ಗೊತ್ತಿತ್ತು. ಮೊನ್ನೆ ಟ್ರಾಲಿಯ ಹೆಸರು ಬರೆದು ಮುಗಿಸಿದವನು ಕೈ ಒರೆಸಿಕೊಂಡು ಸೀದಾ ಬೈಕು ಹತ್ತಿ ಕೊಹಿನೂರಕ್ಕೆ ಹೋದೆ.

ಕಮಲಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಏನ್ ಮಾತಾಡ್ತಾಳಂತ ಈಕಿ?"

"ಮಳಿ ಆಗಿದ್ದು, ಮೊಣಕಾಲ ನೋವು, ಸೊಸಿ ಸುದ್ದಿ."

"ಹೇಳ್ಲಿ, ಹೇಳ್ಲಿ. ಮೊಣಕಾಲಿಗೆ ಏನ ಹಚ್ಚಬೇಕು ಅವಂಗ ಗೊತ್ತದ." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಗುರ್ತಿಲ್ಲದಾಕಿ ಮಾತಾಡ್ಸಾಕತ್ತಾಳ. ನೀ ಮಾತಾಡ್ಸೀಯೇನು?" ಅಂದಳು.

ಇದಕ್ಕೇ ಹೆದರಿ ನಾನು ತಪ್ಪಿಸಿಕೊಂಡು ತಿರುಗುತ್ತಿದ್ದದ್ದು. ಯಾರಿಗೂ ಹೇಳದ ಮಾತು ಬಾಯಿಗೆ ಬಂತು. ಪರದೇಶಕ್ಕೆ ಹೋದ ಮೇಲೂ ಗೌತಮ ಫೋನು ಮಾಡುತ್ತಿದ್ದ. ಹಿಡಿದರೆ ಬಿಡುತ್ತಿರಲಿಲ್ಲ. ಬರಬರುತ್ತಾ ಅವನ ಫೋನು ಬಂದರೆ ನಾನು ಬೋರಲು ಹಾಕಿಬಿಡುತ್ತಿದ್ದೆ. ಯುದ್ಧದ ಜಾಗದಿಂದಲೂ ಒಂದು ಮಧ್ಯಾಹ್ನ ಕರೆ ಬಂದಿತ್ತು, ಎತ್ತಲಿಲ್ಲ. ವಾರದೊಳಗೆ ಸುದ್ದಿ ಬಂತು. ಗಿರಾಕಿಗಳಿದ್ದರು, ಹಾಗಾಗಿ ಎತ್ತಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಕಮಲಕ್ಕನಿಗೂ ಹಾಗೆಯೇ ಹೇಳಿದೆ.

ಅವಳು ಫೋನನ್ನು ನನ್ನ ಅಂಗೈಯಲ್ಲಿಟ್ಟಳು. "ನನಗ್ಯಾಕ ಹೇಳ್ತಿ? ಅವಂಗ ಹೇಳು. ನಾ ಚಾ ಇಡ್ತೀನಿ." ಎದ್ದು ಒಳಗೆ ಹೋದಳು.

ಅಂಗಳದ ಹೊರಸು ಮಂಚದ ಮೇಲೆ ನಾನೊಬ್ಬನೇ ಉಳಿದೆ. ಫೋಟೋದ ಆ ಕಲ್ಲಿನ ಮೇಲೆ ನನ್ನದೇ ಅಕ್ಷರ. ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡೆ.

"ಗೌತಮಾ, ಅವತ್ತ ಅಂಗಡ್ಯಾಗ ಯಾರೂ ಇದ್ದಿಲ್ಲೋ. ಖಾಲಿ ಕುಂತಿದ್ದೆ. ನಿಂದೇ ಫೋನು ಅಂತ ನೋಡಿನೂ ಎತ್ತಲಿಲ್ಲ."

ಕಮಲಕ್ಕ ಚಹಾ ತಂದು ಪಕ್ಕದಲ್ಲಿಟ್ಟು ಹೋದಳು. ಅದು ಆರಿ ಕೆನೆ ಕಟ್ಟಿತು. ನಾನಿನ್ನೂ ಹೇಳುತ್ತಲೇ ಇದ್ದೆ.